ಕದ ತೆಗೆಯಬೇಡ

ಮಧ್ಯಾಹ್ನ ಊಟದ ಹೊತ್ತಾಯಿತೆಂದರೆ ಯಜಮಾನರು ತಮ್ಮ ಮಹಡಿ ಕೋಣೆಯ ಚಿಲಕ ಹಾಕಿಕೊಂಡುಬಿಡುತ್ತಿದ್ದರು. ಯಾಕೆಂದು ಮಗಳು ಕೇಳಿದರೆ "ಗಾಳಿಗೆ ಬಾಗ್ಲು ಬಡ್ಕೊಳ್ಳುತ್ತಮ್ಮ" ಎನ್ನುವುದು. ಗಾಳಿ ದಿನವೂ ಊಟದ ಹೊತ್ತಿಗೇ ಯಾಕೆ ಬರುತ್ತದೆ ಎಂದು ಮಗಳು ಕೇಳಲಿಲ್ಲ. ಅಮ್ಮ ಹೋದ ಮೇಲೆ ಅವಳು ಅಪ್ಪನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಳ್ಳುತ್ತಿದ್ದಳು.

ನಿಜ ಹೇಳಿದರೆ ನಗೆಪಾಟಲು. ಭೂತದ ಆಟ ಮಾರಿ ಬದುಕು ಕಟ್ಟಿಕೊಂಡ ಮನುಷ್ಯ, ಮಟಮಟ ಮಧ್ಯಾಹ್ನ, ತೀರಿಕೊಂಡ ಹೆಂಡತಿಯ ಕಾಲ ಸಪ್ಪಳಕ್ಕೆ ಹೆದರಿ ಚಿಲಕ ಹಾಕಿಕೊಳ್ಳುತ್ತಾನೆಂದರೆ ಯಾರು ತಾನೇ ನಗುವುದಿಲ್ಲ? ಆದರೆ ಸಪ್ಪಳ ಬರುತ್ತಿತ್ತು. ಮರದ ಮೆಟ್ಟಿಲ ಮೇಲೆ 'ಟಪ್' ಎಂದು ಒಂದು ಕಾಲು, ಅದರ ಹಿಂದೆಯೇ 'ಸರ್' ಎಂದು ಎಳೆದುಕೊಂಡ ಇನ್ನೊಂದು. ಎರಡು ಕೈಯಲ್ಲೂ ಭಾರ ಹೊತ್ತವರು ಹತ್ತುವ ರೀತಿ ಅದು. ಸಪ್ಪಳ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಯಜಮಾನರು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು, ತಟ್ಟೆಯಲ್ಲಿನ ಅನ್ನ ಆರಿಹೋಗುತ್ತಿತ್ತು.

ಈ ಸಪ್ಪಳವನ್ನು ಊರೂರಿಗೆ ಮಾರಿದವರು ಅವರೇ.

ಕಂಪನಿ ಶುರುವಾದದ್ದು ಒಬ್ಬ ದರ್ಜಿಯ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ಕಂಪ್ಯೂಟರಿನ ಪರದೆ ನಡುಗುತ್ತಿತ್ತು. ಯಾರೋ ಬರೆದು ತಂದ ಕಂಪ್ಯೂಟರ್ ಆಟಗಳನ್ನು ಕ್ಯಾಸೆಟ್ಟಿಗೆ ತುಂಬಿ, ಚೀಟಿ ಅಂಟಿಸಿ, ಚೀಲದಲ್ಲಿ ಹೊತ್ತು ಅಂಗಡಿ ಅಂಗಡಿಗೆ ತಿರುಗುವುದು. ಇದಕ್ಕೆ ಪ್ರಕಾಶನ ಎಂಬ ದೊಡ್ಡ ಹೆಸರು. ತುಂಬುವುದು, ತಿರುಗುವುದು ಯಜಮಾನರ ಪಾಲು. ಚೀಟಿ ಅಂಟಿಸುವುದು, ಊಟ ಹೊತ್ತು ತರುವುದು, ಗಂಡ ಕಂಗೆಟ್ಟಾಗ ಧೈರ್ಯ ಹೇಳುವುದು ಹೆಂಡತಿಯ ಪಾಲು. ಗಾಳಿಪಟಗಳ ಯುದ್ಧ, ಚಂದ್ರಲೋಕದ ಅಂಚೆಯವನು, ಹೀಗೆ ಹೊರತಂದ ಆಟವೆಲ್ಲ ಒಂದರ ಹಿಂದೊಂದು ತೋಪೆದ್ದವು. ಕೊನೆಗೆ ಆಟ ಕೊಡುವವರೇ ಇಲ್ಲದಾಗ ಯಜಮಾನರು ತಾವೇ ಒಂದನ್ನು ಬರೆಯಲು ಕೂತರು.

ಭೂತದ ಆಟ. ಭೂತದ ಚಿತ್ರ ಬರೆಯಲು ಬಾರದು, ಹಾಗಾಗಿ ಭೂತವನ್ನು ತೋರಿಸಲೇ ಇಲ್ಲ! ಆಡುವವನು ಒಂದು ಕೋಣೆಯಲ್ಲಿರುತ್ತಾನೆ. ಹೊರಗೆ ಮೆಟ್ಟಿಲ ಮೇಲೆ ಸಪ್ಪಳ ಹತ್ತಿಬರುತ್ತದೆ, ಬಾಗಿಲ ಮುಂದೆ ನಿಲ್ಲುತ್ತದೆ. ತೆರೆದರೆ ಪರದೆ ಕಪ್ಪಾಗಿ ಆಟ ಮುಗಿಯಿತು. ಪೆಟ್ಟಿಗೆಯ ಮೇಲೆ ಇದ್ದದ್ದು ಎರಡೇ ಮಾತು: ಕದ ತೆಗೆಯಬೇಡ.

ಸಪ್ಪಳ ಸಿಕ್ಕಿದ್ದು ಅದೃಷ್ಟದಿಂದ. ಮೆಟ್ಟಿಲು ಕಿರುಗುಟ್ಟುವುದನ್ನು ಹಿಡಿಯೋಣವೆಂದು ಟೇಪ್ ರೆಕಾರ್ಡರನ್ನು ಬಾಗಿಲ ಬಳಿ ಓಡಲು ಬಿಟ್ಟು, ತಾವು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೆಲಸದಲ್ಲಿ ಮುಳುಗಿದ್ದರು. ಎದ್ದು ನೋಡಿದಾಗ ಹೊಸಿಲ ಹೊರಗೆ ಊಟದ ಕ್ಯಾರಿಯರ್ ಇತ್ತು, ತಣ್ಣಗಾಗಿತ್ತು. ಸಂಜೆ ಟೇಪು ಕೇಳಿದರೆ ಹೆಂಡತಿ ಹತ್ತಿಬಂದ ಸಪ್ಪಳ! ಅದು ಬಾಗಿಲಲ್ಲಿ ನಿಂತದ್ದೇ ಯಜಮಾನರ ಮೈ ಜುಮ್ಮೆಂದಿತು. "ಸಾಕು, ಇಷ್ಟೇ ಸಾಕು!" ಎಂದು ಅಲ್ಲಿಗೇ ಟೇಪು ನಿಲ್ಲಿಸಿದರು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಆಟ ಬಿಸಿಬಿಸಿ ದೋಸೆಯಂತೆ ಖರ್ಚಾಯಿತು ಎಂದು ಹೇಳಬಹುದಿತ್ತು, ಆದರೆ ದೋಸೆಗೆ ಯಾರೂ ಹೆದರಿ ಕಿರುಚುವುದಿಲ್ಲ. ಕ್ಯಾಸೆಟ್ಟು ಹೋಗಿ ಫ್ಲಾಪಿ ಬಂತು, ಫ್ಲಾಪಿ ಹೋಗಿ ಸಿ.ಡಿ. ಬಂತು, ಈಗ ಕೈಗೆ ಸಿಗುವ ವಸ್ತುವೇ ಇಲ್ಲ, ಎಲ್ಲ ಇಂಟರ್‌ನೆಟ್ಟಿನ ತಂತಿಯಲ್ಲೇ. ಬಾಡಿಗೆ ಕೋಣೆ ಸ್ವಂತ ಕಟ್ಟಡವಾಯಿತು. ಭೂತ ಮಾತ್ರ ಅದೇ ಚಪ್ಪಲಿಯಲ್ಲಿ ಹತ್ತಿಬರುತ್ತಿತ್ತು. ಹೆಂಡತಿ ಕಚೇರಿಗೆ ಬಂದಾಗಲೆಲ್ಲ ನಗುತ್ತಿದ್ದಳು, "ಲೋಕಾನೇ ನನ್ನ ಕಾಲ್ಸಪ್ಪಳಕ್ಕೆ ಹೆದ್ರುತ್ತೆ. ಇವ್ರೊಬ್ರಿಗೆ ಮಾತ್ರ ಕೇಳ್ಸೋದೇ ಇಲ್ಲ!" ಆ ತಮಾಷೆಗೆ ಯಜಮಾನರೂ ನಗುತ್ತಿದ್ದರು.

ಅವಳು ತೀರಿಕೊಂಡ ಮೇಲೆ ನಗು ನಿಂತಿತು, ಸಪ್ಪಳ ಮನೆಗೇ ಬಂತು. ಪ್ರೀತಿಯ ಹೆಂಡತಿ, ಜೀವಕ್ಕೆ ಜೀವ. ಅವಳು ಬಂದರೆ ಓಡಿಹೋಗಿ ಎದುರುಗೊಳ್ಳಬೇಕಲ್ಲವೇ? ಆಗುತ್ತಿರಲಿಲ್ಲ. ಆ ಸಪ್ಪಳ ಕೇಳಿದರೆ ಬೆವರಬೇಕು, ಚಿಲಕ ಭದ್ರಪಡಿಸಬೇಕು ಎಂದು ಅವರ ಮೈಗೆ ಅವರೇ ವರ್ಷಗಟ್ಟಲೆ ಕಲಿಸಿದ್ದರು. ಅವಳ ಮುಖ ನೆನೆಯಲು ಹೋದರೂ ಕಪ್ಪು ಪರದೆ ಬರುತ್ತಿತ್ತು. ಹೆಂಡತಿಯನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದೇನೆ ಎಂಬ ಸಂಕಟ ಅವರನ್ನು ಒಳಗೊಳಗೇ ಹಿಂಡುತ್ತಿತ್ತು.

ಅಂಥದರಲ್ಲಿ ಕಂಪನಿ ನಡೆಸುತ್ತಿದ್ದ ಮಗಳು ಆ ಆಟವನ್ನು ಹೊಸದಾಗಿ ಮಾಡಿಸಲು ಹೊರಟಳು. "ಚಿತ್ರ ಎಲ್ಲಾ ಹೊಸದು ಅಪ್ಪಾ. ಅಮ್ಮನ ಹೆಜ್ಜೆ ಮಾತ್ರ ಹಾಗೇ ಇರುತ್ತೆ."

"ಅದೊಂದನ್ನ ಕೈಬಿಡು" ಎಂದರು ಯಜಮಾನರು.

ಮಗಳು ಬೆಪ್ಪಾದಳು. "ಅಮ್ಮಂದು ಅಂತ ನಮ್ಮತ್ರ ಉಳಿದಿರೋ ಸದ್ದು ಅದೊಂದೇ ಅಲ್ವಾ?"

"ನಂಗೆ ಭಯ ಆಗುತ್ತಮ್ಮ." ಮಾತು ಬಾಯಿಂದ ಜಾರಿಯೇ ಹೋಯಿತು. ಆಮೇಲೆ ಚಿಲಕದ ಸಂಗತಿಯನ್ನೂ ಹೇಳಿ ತಲೆ ತಗ್ಗಿಸಿದರು. ಮಗಳು ನಗಲಿಲ್ಲ, ಅಪ್ಪನ ಕೈ ಹಿಡಿದುಕೊಂಡಳು.

ಮರುದಿನ ಅವಳು ಅಪ್ಪನನ್ನು ಕಚೇರಿಯ ಸದ್ದಿನ ಕೋಣೆಗೆ ಕರೆದೊಯ್ದಳು. ಆಟಗಳಿಗೆ ಸದ್ದು ಕೂಡಿಸುವ ಗಡ್ಡದ ಮನುಷ್ಯನಿಗೆ ಅಲ್ಲಿ ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಹಳೇ ಟೇಪನ್ನು ಒರೆಸಿ ಸರಿಪಡಿಸಿದ್ದು ಅವನೇ. "ಯಜಮಾನ್ರೇ, ಹೆಜ್ಜೆ ನಿಂತ್ಮೇಲೂ ಟೇಪು ಓಡಿದೆ. ನಾನು ಕೇಳ್ಬಿಟ್ಟೆ. ನೀವು ಕೇಳಿದೀರೋ ಇಲ್ವೋ ಅಂತ..." ಅವನು ಗುಂಡಿ ಒತ್ತಿದ.

ಟಪ್, ಸರ್. ಟಪ್, ಸರ್. ಯಜಮಾನರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದರು. ಸಪ್ಪಳ ನಿಂತಿತು. ಆಟದಲ್ಲಿ ಇಲ್ಲಿಂದ ಮುಂದೆ ಏನೂ ಇಲ್ಲ. ಟೇಪಿನಲ್ಲಿ ಮಾತ್ರ ಏದುಸಿರು ಕೇಳಿತು, ಬಳೆ ಸದ್ದಾಯಿತು.

"ರೀ, ಕದ ತೆಗೀರಿ. ಎರಡು ಕೈನೂ ತುಂಬಿದೆ."

ಅದು ಅವಳದೇ ಗಂಟಲು, ಮಗಳು ಹುಟ್ಟುವುದಕ್ಕೂ ಮುಂಚಿನ ಎಳೆಯ ಗಂಟಲು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

"ರೀ... ಕೇಳ್ತಾ ಇಲ್ವಾ?" ಕಾಲಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿದ ಸದ್ದು. ಆಮೇಲೆ ಸಣ್ಣ ನಗು. "ಸರಿ ಬಿಡಿ, ಕೆಲಸ ಮುಗೀಲಿ. ನಾನು ಇಲ್ಲೇ ಕೂತಿರ್ತೀನಿ."

ಕ್ಯಾರಿಯರ್ ಇಟ್ಟ ಸದ್ದು, ಮೆಟ್ಟಿಲ ಮೇಲೆ ಕೂತ ಸದ್ದು. ಅವಳು ಏನನ್ನೋ ಗುನುಗಿಕೊಳ್ಳುತ್ತಿರುವಾಗಲೇ ಟೇಪು ಮುಗಿಯಿತು. ಇಳಿದು ಹೋದ ಸಪ್ಪಳ ಅದರಲ್ಲಿ ಇರಲೇ ಇಲ್ಲ.

ಕಿವಿಯಣ್ಣ ಯಂತ್ರ ನಿಲ್ಲಿಸಿದ.

"ಬೇಡ ಅಪ್ಪಾ, ಈ ಸದ್ದು ಹಾಕೋದೇ ಬೇಡ" ಎಂದಳು ಮಗಳು.

"ಇರ್ಲಿ" ಎಂದರು ಯಜಮಾನರು. "ಸದ್ದು ಇರ್ಲಿ. ಕದ ತೆಗೆದೋನು ಸಾಯೋದು ಬೇಡ. 'ಕದ ತೆಗೆಯಬೇಡ' ಅನ್ನೋ ಆ ಮಾತನ್ನ ಅಳಿಸ್ಬಿಡು."

"ಆ ಮಾತಿನ ಮೇಲೇ ಅಲ್ವಾ ಕಂಪನಿ ನಿಂತಿರೋದು?"

"ಹೂಂ. ಅದಕ್ಕೇ ಅವಳಿನ್ನೂ ಹೊರಗೆ ಕೂತಿರೋದು."

ಕಿವಿಯಣ್ಣ ಗಡ್ಡ ಕೆರೆದುಕೊಳ್ಳುತ್ತ ಗೋಡೆಯ ಕಡೆ ತಿರುಗಿದ.

ಮಾರನೆಯ ದಿನ ಮಧ್ಯಾಹ್ನ ಯಜಮಾನರು ಮಹಡಿ ಕೋಣೆಯಲ್ಲಿ ತಟ್ಟೆಯ ಮುಂದೆ ಕೂತಿದ್ದರು. ಅಭ್ಯಾಸಬಲ, ಚಿಲಕ ಹಾಕಿಯೇ ಇತ್ತು. ಸಪ್ಪಳ ಬಂತು. ಭಯವೂ ಎಂದಿನಂತೆಯೇ ಬಂತು, ರವಷ್ಟೂ ಕಡಿಮೆಯಾಗಿರಲಿಲ್ಲ. ಬೆನ್ನಲ್ಲಿ ಬೆವರಿಳಿಯಿತು. ಸಪ್ಪಳ ಬಾಗಿಲಲ್ಲಿ ನಿಂತಿತು.

ಅವರು ಗೋಡೆ ಹಿಡಿದು ಎದ್ದರು. ಚಿಲಕ ಸರಿಸಿ ಕದವನ್ನು ಪೂರ್ತಿ ತೆರೆದರು. ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು, ಬೇರೇನೂ ಇರಲಿಲ್ಲ. ಆದರೂ ಯಜಮಾನರು, ಎರಡು ಕೈಯಲ್ಲೂ ಭಾರ ಹೊತ್ತವರಿಗೆ ದಾರಿ ಬಿಡುವಂತೆ, ಒಂದು ಪಕ್ಕಕ್ಕೆ ಸರಿದು ನಿಂತರು.

"ಬಾರೇ" ಎಂದರು. "ತುಂಬಾ ಕಾಯಿಸ್ಬಿಟ್ಟೆ."