ಹೊನ್ನಗುಡ್ಡದ ಹೆಂಟೆ

"ಏನ್ಲಾ ಮಾದ, ಬುರುಡೆ ಇಡ್ಕಂಡು ಮಕ ನೋಡ್ತಾ ನಿಂತ್ಬುಟ್ಟೆ? ನಿನ್ನ ಸೋದರಮಾವನೇನ್ಲಾ ಅದು? ಎಸಿಲಾ ಅತ್ಲಾಗೆ, ಬೋಳಿಮಗನೆ!"

ಕೂಗಿದವನು ಪಟೇಲ ಲಿಂಗಣ್ಣ. ಕುರ್ಚಿ ತರಿಸಿಕೊಂಡು, ತಲೆಯ ಮೇಲೆ ಕೊಡೆ ಹಿಡಿಸಿಕೊಂಡು ಕೂತಿದ್ದ. ಎದುರಿಗೆ ನಾವೆಲ್ಲ ಅವನನ್ನು 'ಬುದ್ಧಿ' ಅನ್ನುತ್ತಿದ್ದೆವು. ಈಗ ಅವನು ಎದುರಿಗಿಲ್ಲ, ಅದಕ್ಕೇ 'ಅವನು' ಅಂತಲೇ ಹೇಳುತ್ತೇನೆ.

ಗುಂಡಿಯೊಳಗೆ ನಿಂತಿದ್ದವನು ನನ್ನ ಅಪ್ಪ, ಊರಿನ ಕುಳವಾಡಿ ಮಹದೇವಯ್ಯ. ಅಷ್ಟುದ್ದದ ಹೆಸರು ಹೊಲಗೇರಿಯವನಿಗೆ ಯಾಕೆ ಎಂದು ಪಟೇಲ ಅದನ್ನು ಮಾದ ಎಂದು ಕತ್ತರಿಸಿಕೊಂಡಿದ್ದ. ಅಪ್ಪ ಬುರುಡೆಯನ್ನು ಎಸೆಯಲಿಲ್ಲ. ಮಣ್ಣು ಒರೆಸಿ ನನ್ನ ಮಂಕರಿಯೊಳಗೆ ಇಟ್ಟ.

"ಸಿದ್ದಯ್ಯಜ್ಜ ಕಣವ್ವಾ. ಮುಂದ್ಲಲ್ಲು ಮುರ್ದದೆ ನೋಡು. ಬೇವಿನ ಮರದಡಿ ಮಡಗು," ಅಂದ.

ಬೇವಿನ ಮರದಡಿಯಲ್ಲಿ ಆಗಲೇ ಹದಿನಾರು ಜನ ಸೇರಿದ್ದರು. ಅವರಲ್ಲಿ ಅರ್ಧ ಜನರ ಗುರುತನ್ನು ಅಪ್ಪ ಹಲ್ಲಿನಿಂದಲೋ ಕಾಲುಂಗುರದಿಂದಲೋ ಹಿಡಿದಿದ್ದ. ಉಳಿದವರು ಹೆಸರಿಲ್ಲದೆ ಬಿಸಿಲಿಗೆ ಬಿದ್ದಿದ್ದರು. ಅದು ನಮ್ಮ ಕೇರಿಯ ಮಸಣ. ಹೊನ್ನಗುಡ್ಡದ ಬುಡದಲ್ಲಿರುವ ಕಲ್ಲುಭೂಮಿ. ಹುರುಳಿ ಬಿತ್ತಿದರೂ ಮೊಳೆಯದ ಜಾಗ ಅಂತಲೇ ಅದನ್ನು ಹಿಂದಿನವರು ನಮ್ಮ ಹೆಣಗಳಿಗೆ ಬಿಟ್ಟಿದ್ದರು.

ಹೊನ್ನಗುಡ್ಡದಲ್ಲಿ ಚಿನ್ನದ ಗಣಿ ಇತ್ತಂತೆ. ಯಾವುದೋ ಪಾಳೇಗಾರನ ಕಾಲದಲ್ಲಿ ಅಲ್ಲಿಂದ ಆನೆಯ ಮೇಲೆ ಚಿನ್ನ ಹೋಗುತ್ತಿತ್ತಂತೆ. ಒಂದು ದಿನ ಗಣಿ ಕುಸಿದು ಅದರ ಬಾಯಿ ಎಲ್ಲಿತ್ತೆಂಬುದೇ ಮರೆತುಹೋಯಿತಂತೆ. ಗಾವಡಗೆರೆಯಿಂದ ಹುಣಸೂರಿನವರೆಗೆ ಈ ಕಥೆ ಹೇಳದ ಮುದುಕರಿಲ್ಲ. ಪಾಳೇಗಾರನ ಹೆಸರು ಹೇಳುತ್ತಾರೆ, ಅವನ ರಾಣಿಯ ಹೆಸರು ಹೇಳುತ್ತಾರೆ, ಆನೆಗೂ ಒಂದು ಹೆಸರಿದೆ. ಕುಸಿದಾಗ ಒಳಗೆ ಸತ್ತವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಆ ವರ್ಷ ಮೈಸೂರಿನಿಂದ ಟೋಪಿ ಹಾಕಿಕೊಂಡ ಸಾಹೇಬನೊಬ್ಬ ಬಂದು ಗುಡ್ಡದ ಕಲ್ಲುಗಳನ್ನು ಸುತ್ತಿಗೆಯಲ್ಲಿ ಕುಟ್ಟಿ, ನಾಲ್ಕು ಚೂರು ಚೀಲಕ್ಕೆ ಹಾಕಿಕೊಂಡು, ಏನೂ ಹೇಳದೆ ಹೋದ. ಹೇಳದೆ ಹೋದದ್ದೇ ಪಟೇಲನ ನಿದ್ದೆ ಕೆಡಿಸಿತು. ಸರ್ಕಾರ ಬರುವುದರೊಳಗೆ ತಾನು ತೆಗೆಯಬೇಕೆಂದು ಬೆಟ್ಟದಪುರದ ಕಡೆಯಿಂದ ಅಂಜನದ ಕಂಠಪ್ಪನನ್ನು ಕರೆಸಿದ. ಕಂಠಪ್ಪ ವೀಳ್ಯದೆಲೆಗೆ ಕಾಡಿಗೆ ಬಳಿದು, ಅದರೊಳಗೆ ಇಣುಕಿ, ಗಣಿಯ ಬಾಯಿ ಹೊಲೇರ ಮಸಣದ ಅಡಿಯಲ್ಲಿದೆ ಎಂದು ಹೇಳಿದ. ಅಂಜನದ ಕಣ್ಣು ಬಲು ಸೂಕ್ಷ್ಮ. ಪಟೇಲನ ಹೊಗೆಸೊಪ್ಪಿನ ಹೊಲದ ಅಡಿಯಲ್ಲಿ ಅದಕ್ಕೆ ಯಾವತ್ತೂ ಏನೂ ಕಾಣಿಸುವುದಿಲ್ಲ.

ಮೂರು ವಾರ ನಮ್ಮ ಕೈಯಲ್ಲೇ ನಮ್ಮವರನ್ನು ಅಗೆಸಿದರು. ಬಿಟ್ಟಿ ಕೆಲಸ. ಬರುವುದಿಲ್ಲ ಎಂದವನ ಗುಡಿಸಲ ಸೋಗೆಯನ್ನು ಆಳುಗಳು ಎಳೆದು ಹಾಕಿದ ಮೇಲೆ ಎಲ್ಲರೂ ಬಂದರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನಮಗೆ ಇಲಿಯೂ ಸಿಗಲಿಲ್ಲ.

ಅಪ್ಪ ಒಂದು ಸಲ ದೂರು ಹೇಳಲು ಕಂದಾಯದ ಶೇಕದಾರರ ಹತ್ತಿರ ಹೋಗಿದ್ದ. ಅವರು ಪಟೇಲನ ಜಗಲಿಯಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕುತ್ತಿದ್ದರು. ಅಪ್ಪ ಅಂಗಳದಲ್ಲಿ ನಿಂತು ಕೈಮುಗಿದ.

"ಸ್ವಾಮಿ, ನಮಗೂವೆ ಕಾನೂನು ಬಂದದಂತಲ್ಲ. ನಾನೇ ತಮಟೆ ಒಡ್ದು ಸಾರಿವ್ನಿ."

ಅದು ನಿಜವೇ. ಮುಟ್ಟಬಾರದು ಅನ್ನುವವರಿಗೆ ಶಿಕ್ಷೆ ಎಂಬ ಕಾನೂನನ್ನು ಹಿಂದಿನ ವರ್ಷ ಊರಿಗೆ ಸಾರಿದವನು ಅಪ್ಪನೇ, ಚಾವಡಿಯ ಮೆಟ್ಟಿಲ ಕೆಳಗೆ ನಿಂತುಕೊಂಡು.

"ಆ ಕಾನೂನು ಬದುಕಿರೋರಿಗೆ ಕಣಯ್ಯ," ಅಂದರು ಶೇಕದಾರರು. "ಅದು ಸರ್ಕಾರಿ ಖರಾಬು. ಖರಾಬಲ್ಲಿ ಮಲಗಿರೋ ಹೆಣಗಳಿಗೆಲ್ಲ ಪಟ್ಟಾ ಬರ್ಕೊಡೋಕಾಗ್ತದಾ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಅಪ್ಪ ನಗು ಮುಗಿಯುವವರೆಗೆ ನಿಂತಿದ್ದು ಹಿಂದಕ್ಕೆ ಬಂದ.

ಸಿದ್ದಯ್ಯಜ್ಜ ಹೊರಗೆ ಬಂದ ದಿನ ಮಧ್ಯಾಹ್ನ ಕಂಠಪ್ಪ ಮತ್ತೆ ಎಲೆ ನೋಡಿದ. ಎದ್ದು ಹೋಗಿ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದು, "ನಾಳೀಕೆ ಇಲ್ಲಿ," ಅಂದ. ಗೆರೆ ಒಂದು ತಂಗಡಿ ಗಿಡದ ಪಕ್ಕದ ಗುಡ್ಡೆಯ ಮೇಲೆ ಹಾದುಹೋಯಿತು. ಆ ಗಿಡ ನೆಟ್ಟವಳು ನಾನು. ಗುಡ್ಡೆಯ ಕೆಳಗಿರುವವಳು ನನ್ನ ಅವ್ವ ಚಿಕ್ಕಸಿದ್ದಮ್ಮ. ತೀರಿಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ನನ್ನ ತಲೆಯ ಮೇಲಿನ ಮಂಕರಿ ಕೆಳಗೆ ಬಿತ್ತು.

"ಅಲ್ಲಿ ನಮ್ಮವ್ವ ಅವ್ಳೆ!" ಅಂತ ಕಿರುಚಿದೆ.

"ಇರ್ಲಿ ಬುಡವ್ವ," ಅಂದ ಕಂಠಪ್ಪ. "ಚಿನ್ನದ ಮ್ಯಾಲೆ ಮಲಗವ್ಳೆ, ಪುಣ್ಯವಂತೆ."

ಪಟೇಲ ಹೊಟ್ಟೆ ಕುಲುಕಿಸಿ ನಕ್ಕ. "ಬದುಕಿದ್ದಾಗ ಮೂಗ್ಗೊಂದು ನತ್ತು ಕಾಣ್ನಿಲ್ಲ, ಸತ್ತ ಮ್ಯಾಲೆ ಚಿನ್ನದ ಆಸಿಗೆ ಬೇಕಾಯ್ತೇನ್ಲಾ ಮಾದ ನಿನ್ನೆಂಡ್ರಿಗೆ?"

ನನಗೆ ಅವನ ಕುರ್ಚಿಯ ಕಾಲು ಮುರಿದು ಅದರಲ್ಲೇ ಬಡಿಯಬೇಕು ಅನ್ನಿಸಿತು. ಅಪ್ಪ ಗುಂಡಿಯಿಂದ ಮೇಲೆ ಬಂದು ನನ್ನ ರಟ್ಟೆ ಹಿಡಿದುಕೊಂಡ. ಆಮೇಲೆ ಪಟೇಲನಿಂದ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತ.

"ಬುದ್ಧಿ, ಗಣಿ ಬಾಯಿ ಅಂಜನಕ್ಕೆ ಕಾಣಕಿಲ್ಲ. ಅದ್ನ ತೋರ್ಸದು ಎಂಟೆ. ನಮ್ಮ ತಾತ್ನೋರೇ ಒಳೀಕ್ಕೋಗಿ ಸತ್ತಿರದಲ್ವಾ."

ಪಟೇಲನ ನಗು ನಿಂತಿತು.

ಹೆಂಟೆ ಎಂದರೆ ಏನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎರಡು ಊರಿಗೆ ಗಡಿ ಜಗಳ ಬಂದು, ಕಲ್ಲೂ ಕಾಗದವೂ ತಪ್ಪಿದಾಗ, ಕುಳವಾಡಿಯನ್ನು ಕರೆಯುತ್ತಾರೆ. ಅವನು ಮಿಂದು ಒದ್ದೆ ಬಟ್ಟೆಯಲ್ಲಿ, ತಲೆಯ ಮೇಲೆ ಊರ ಮಣ್ಣಿನ ಹೆಂಟೆ ಇಟ್ಟುಕೊಂಡು ನಡೆಯುತ್ತಾನೆ. ನಡೆದದ್ದೇ ಗಡಿ. ಅವನು ಸುಳ್ಳು ನಡೆದರೆ ರಕ್ತ ಕಾರಿ ಸಾಯುತ್ತಾನೆ, ಅವನನ್ನು ಅಡ್ಡಗಟ್ಟಿದವರ ವಂಶ ಉಳಿಯುವುದಿಲ್ಲ. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ನೆರಳು ಬಿದ್ದರೂ ಮೈಲಿಗೆಯಾಗುವ ಮನುಷ್ಯ ಆ ಒಂದು ದಿನ ದೇವರು. ಹಿಂದಿನ ಬೇಸಿಗೆಯಲ್ಲಿ ಪಕ್ಕದ ಊರಿನವರ ಜೊತೆ ತಗಾದೆಯಿದ್ದ ಹುಣಸೇತೋಪನ್ನು ಪಟೇಲನಿಗೆ ಗೆದ್ದುಕೊಟ್ಟದ್ದು ಅಪ್ಪ ಹೊತ್ತ ಹೆಂಟೆಯೇ. ಅವತ್ತು ಪಟೇಲ ಆ ಮಣ್ಣನ್ನು ಕಣ್ಣಿಗೊತ್ತಿಕೊಂಡಿದ್ದ.

"ಎಂಟೆ ಬಿದ್ದ ತಾವು ಅಗೀಬೇಕು. ಮಿಕ್ಕ ಗುಂಡಿಗಳ್ನ ಮುಚ್ಬೇಕು. ಮಾತು ಕೊಡ್ತೀರಾ ಬುದ್ಧಿ?" ಅಂದ ಅಪ್ಪ.

ಪಟೇಲ ಎಲ್ಲರ ಎದುರಿಗೆ ಕೊರಳ ಲಿಂಗ ಮುಟ್ಟಿಕೊಂಡ.

ಮಾರನೆಯ ಬೆಳಿಗ್ಗೆ ಇಡೀ ಊರು ಗುಡ್ಡದ ಬುಡದಲ್ಲಿತ್ತು. ಶೇಕದಾರರೂ ಬಂದಿದ್ದರು. ನಮ್ಮ ಗಂಡಸರು ಗುದ್ದಲಿ ಪಿಕಾಸಿ ಹೊತ್ತು ನಿಂತಿದ್ದರು. ಅಪ್ಪ ಕೆರೆಕಟ್ಟೆಯಲ್ಲಿ ಮಿಂದು ಬಂದು, ಅವ್ವನ ಗುಡ್ಡೆಯ ಪಕ್ಕದಿಂದಲೇ ಮಣ್ಣು ಬಗೆದು ನೀರು ಚಿಮುಕಿಸಿ ಹೆಂಟೆ ಕಟ್ಟಿ ತಲೆಯ ಮೇಲೆ ಇಟ್ಟುಕೊಂಡ. ಮನೆಯವರೊಬ್ಬರು ನೀರಿನ ಚೆಂಬು ಹಿಡಿದು ಹಿಂದೆ ಬರಬೇಕು. ನಾನು ಹಿಡಿದೆ.

ಅಪ್ಪ ಗುಡ್ಡ ಹತ್ತಲಿಲ್ಲ, ಇಳಿದ.

ಪಟೇಲನ ಹೊಗೆಸೊಪ್ಪಿನ ಹೊಲಕ್ಕೆ ಬಿದ್ದ. ಎಳೆ ಗಿಡಗಳನ್ನು ತುಳಿದುಕೊಂಡು ನೆಟ್ಟಗೆ ನಡೆದ. ಹಿಂದೆ ಬರುತ್ತಿದ್ದ ಪಟೇಲ ಹಲ್ಲು ಕಡಿದದ್ದು ನನಗೆ ಕೇಳಿಸಿತು. ಹೊಲ ದಾಟಿ ಊರೊಳಗೆ ಬಂದ. ನಮ್ಮವರು ಕಾಲಿಡಬಾರದ ಮೇಲಿನ ಬೀದಿಯಲ್ಲಿ ನಡೆದ. ಬಾಗಿಲುಗಳಲ್ಲಿ ನಿಂತ ಹೆಂಗಸರು ಸೆರಗು ಮೂಗಿಗೆ ಹಿಡಿದು, ಹೆಂಟೆ ಕಂಡು ಅದೇ ಸೆರಗಿನಲ್ಲಿ ಕೈಮುಗಿದರು. ಬೀದಿಯ ಕೊನೆಯಲ್ಲಿ ಪಟೇಲನ ಮನೆ. ಅಪ್ಪ ಅದರ ಜಗಲಿ ಹತ್ತಿದ.

"ಅಯ್ಯಯ್ಯೋ, ಒಳೀಕೆ ಬತ್ತಾವ್ನೆ ಕಣ್ರೀ! ಯಾರಾನ ತಡೀರಿ!" ಪಟೇಲನ ಹೆಂಡತಿ ಶಿವರುದ್ರಮ್ಮ ಪೊರಕೆ ಎತ್ತಿದಳು.

"ತಡೀಬ್ಯಾಡಿ, ತಾಯಿ! ವಂಸ ಆಳಾಯ್ತದೆ!" ಕಂಠಪ್ಪ ಕೂಗಿದ. ಪೊರಕೆ ಎತ್ತಿದಲ್ಲೇ ನಿಂತಿತು.

ಅಪ್ಪನ ಹಿಂದೆ ನಾನೂ ಹೊಸಿಲು ದಾಟಿದೆ. ಆ ಮನೆಯ ಒಳಗು ಹೇಗಿದೆ ಎಂದು ನೋಡಿದ್ದು ಅವತ್ತೇ. ನಾವು ಬಡಿದು ತೂರಿ ಅಂಗಳದವರೆಗೆ ಹೊತ್ತು ತಂದ ರಾಗಿಯ ಚೀಲಗಳು ನಡುಮನೆಯಲ್ಲಿ ತೊಲೆ ಮುಟ್ಟುವಂತೆ ಪೇರಿಸಿದ್ದವು. ದೇವರಕೋಣೆ ದಾಟಿ, ಸಾರು ಕುದಿಯುತ್ತಿದ್ದ ಅಡುಗೆಮನೆ ದಾಟಿ, ಸಾರಿಸಿದ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿಸುತ್ತಾ ಅಪ್ಪ ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದ. ನಾನು ಬೇಕೆಂತಲೇ ನಿಧಾನವಾಗಿ ನಡೆದೆ. ಉಳಿದವರೆಲ್ಲ ಮನೆಯ ಪಕ್ಕದ ಸಂದಿಯಿಂದ ಸುತ್ತಿ ಬಂದರು.

ಹಿತ್ತಿಲಲ್ಲಿ ಮಾವಿನ ಮರಗಳ ನಡುವೆ ಪಟೇಲನ ಅಪ್ಪನನ್ನು ಕೂರಿಸಿ ಮಣ್ಣು ಮಾಡಿದ ಗದ್ದುಗೆ. ಸುಣ್ಣ ಬಳಿದ ಕಟ್ಟೆ, ಮೇಲೊಂದು ಕಲ್ಲಿನ ಲಿಂಗ, ಬೆಳಗಿನ ಹೂವು. ಅಪ್ಪ ಅದರ ಮುಂದೆ ನಿಂತು ತಲೆ ಬಗ್ಗಿಸಿದ. ಹೆಂಟೆ ಕಟ್ಟೆಯ ಮೇಲೆ ಬಿದ್ದು ಒಡೆಯಿತು.

"ಇಲ್ಲೇ ಬುದ್ಧಿ. ನಿಮ್ಮಪ್ಪಾಜಿಯೋರ ಕೆಳೀಕೆ."

ಪಟೇಲನ ಮುಖ ಕೆಂಪೇರಿತು.

"ಸೂಳೆಮಗ್ನೆ! ನಮ್ಮಪ್ಪನ ಗದ್ದುಗೆ ಕಣ್ಲಾ ಇದು!"

"ಊಂ ಬುದ್ಧಿ. ಅಲ್ಲಿರದು ನಮ್ಮಪ್ಪದೀರು."

ಶೇಕದಾರರು ಕೆಮ್ಮಿದರು. "ಹೆಂಟೆ ಸುಳ್ಳು ಅಂತ ಬರ್ಕೊಳ್ಳಲಾ ಪಟೇಲ್ರೆ? ಹಾಗಾದ್ರೆ ಹುಣಸೇತೋಪಿನ ತಗಾದೇನೂ ಮತ್ತೆ ತೆಗೀಬೇಕಾಗ್ತದೆ, ನೋಡಿ."

ಅಪ್ಪ ಎಣಿಸಿದ್ದು ಇಷ್ಟೇ. ಹಿಂದಿನ ಸಂಜೆ ನನಗೆ ಹೇಳಿದ್ದ: "ಎತ್ತ ಅಪ್ಪನ ಮುಂದೆ ನಿಂತ್ರೆ ಎಂತಾವ್ನಿಗೂ ಕರುಳು ಚುರುಕ್ಕಂತದೆ ಕಣವ್ವ. ಸತ್ತೋರು ಮಲೀಕಳ್ಳಿ ಬುಡ್ರಲಾ ಅಂದ್ಬುಟ್ರೆ ಸಾಕು." ನಾವೆಲ್ಲ ಆ ಮಾತಿಗಾಗಿ ಕಾದೆವು. ಪಟೇಲ ಗದ್ದುಗೆ ನೋಡಿದ, ಒಡೆದ ಹೆಂಟೆ ನೋಡಿದ. ಮುಖದ ಕೆಂಪು ಮೆಲ್ಲಗೆ ಇಳಿಯಿತು. ಮೂರು ತಲೆಮಾರಿನ ಮಡಿ ಮರೆತು ಅಪ್ಪನ ಕಿವಿಯ ಹತ್ತಿರಕ್ಕೆ ಬಂದು ಪಿಸುಗುಟ್ಟಿದ:

"ಎಷ್ಟಾಳ ಅದ್ಲಾ?"

ಅಪ್ಪ ಅವನ ಮುಖವನ್ನೇ ನೋಡಿದ. ಅಷ್ಟು ಹೊತ್ತು ಆ ಮುಖವನ್ನು ನೇರವಾಗಿ ನೋಡಿದ್ದು ಅಪ್ಪನ ಜನ್ಮದಲ್ಲಿ ಅದೇ ಮೊದಲು.

"ನಮ್ಮ ಚಿಕ್ಕಸಿದ್ದಿಗೆ ತೋಡ್ದಷ್ಟು, ಬುದ್ಧಿ."

"ಅಗೀರ್ಲಾ!" ಪಟೇಲ ನಮ್ಮ ಗಂಡಸರ ಕಡೆ ತಿರುಗಿದ. "ಏನ್ಲಾ ನೋಡ್ತೀರಿ? ಆಕ್ರಿ ಗುದ್ದಲಿಯ!"

ಯಾರೂ ಅಲುಗಲಿಲ್ಲ. ಅಪ್ಪ ಪಕ್ಕದವನ ಹೆಗಲಿನಿಂದ ಗುದ್ದಲಿ ತೆಗೆದು ಪಟೇಲನ ಕಾಲ ಬಳಿ ಇಟ್ಟ.

"ನಮ್ಮೋರ್ನ ಅಗೆದ್ವು, ಅದ್ನ ತೊಳ್ಯಕ್ಕೇ ಒಂದು ಜಲ್ಮ ಸಾಲ್ದು. ಇನ್ನೊಬ್ರಪ್ಪನ ಮುಟ್ಟಾಕಿಲ್ಲ. ನಿಮ್ಮಪ್ಪ, ನೀವೇ ಅಗ್ಕೊಳಿ. ನಮ್ಮ ಗುಂಡಿ ನಾವು ಮುಚ್ಕೋತೀವಿ."

"ಚರ್ಮ ಸುಲೀತೀನಿ ಕಣ್ರಲಾ, ಬೇವಾರ್ಸಿಗಳ! ಊರು ಬುಡುಸ್ತೀನಿ!"

ನಾವು ಹೊರಟೆವು. ಅಪ್ಪ ಬಂದ ದಾರಿಯಲ್ಲೇ ಹೊರಟೆವು, ಅಡುಗೆಮನೆ ನಡುಮನೆಗಳ ಮೂಲಕ, ಈ ಸಲ ಇಡೀ ಕೇರಿಯೇ. ಪಟೇಲನಿಗೆ ಅದನ್ನು ಗಮನಿಸುವ ಪುರುಸೊತ್ತಿರಲಿಲ್ಲ. "ಮಾವನೋರ್ನ ಅಗೀತೀರಾ?" ಎಂದು ಶಿವರುದ್ರಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ಕಂಠಪ್ಪ ಸೊಂಟದಿಂದ ಎಲೆ ತೆಗೆದು, "ಕಾಣ್ತಾ ಅದೆ ಪಟೇಲ್ರೆ, ಅಳದಿ ಕಾಣ್ತಾ ಅದೆ!" ಅನ್ನುತ್ತಿದ್ದ.

ಸಿದ್ದಯ್ಯಜ್ಜನನ್ನು ಮೊದಲು ಮಲಗಿಸಿದೆವು. ಆಮೇಲೆ ಒಬ್ಬೊಬ್ಬರನ್ನಾಗಿ ಉಳಿದವರನ್ನು. ಹೆಸರು ಗೊತ್ತಿಲ್ಲದವರನ್ನು ಒಂದೇ ಕಡೆ ಸೇರಿಸಿದೆವು. ಅವ್ವನ ಮೇಲಿನ ಸುಣ್ಣದ ಗೆರೆಯನ್ನು ನಾನು ಅಂಗೈಯಲ್ಲಿ ಉಜ್ಜಿ ಅಳಿಸಿದೆ. ನಾಳೆ ಪಟೇಲನ ಆಳುಗಳು ಕೇರಿಗೆ ಬರುವುದು ಎಲ್ಲರಿಗೂ ಗೊತ್ತಿತ್ತು. ಯಾರೂ ಗುದ್ದಲಿಯನ್ನು ಕೈಯಿಂದ ಕೆಳಗಿಡಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಊರ ಕಡೆಯಿಂದ ಧಡ್ ಧಡ್ ಎಂಬ ಸದ್ದು ಕೇಳಿಸಿತು. ಒಂದೇ ಗುದ್ದಲಿಯ ಸದ್ದು. ಅಪ್ಪ ಕೆಲಸ ನಿಲ್ಲಿಸಿ ಕಿವಿಗೊಟ್ಟ.

"ಓರೆ ಬೀಳ್ತಾ ಅದೆ ಕಣವ್ವ. ಒಂದಿನಾನೂ ಗುದ್ದಲಿ ಇಡ್ದ ಕೈಯಲ್ಲ," ಅಂದು, ಅವ್ವನ ಮೇಲೆ ಇನ್ನೊಂದು ಬೊಗಸೆ ಮಣ್ಣು ಹಾಕಿದ.