ಉಳಿದ ಗುಳಿಗೆಗಳು

ಭಾಗಪ್ಪ ಬಾಟಲಿಯನ್ನು ತಟ್ಟೆಗೆ ಬೋರಲು ಹಾಕಿ, ಬಿಳಿ ಗುಳಿಗೆಗಳನ್ನು ಐದೈದಾಗಿ ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಐದು, ಹತ್ತು, ಹದಿನೈದು, ಇಪ್ಪತ್ತು. ಮೇಲೆ ನಾಲ್ಕು. ಕೊಟ್ಟದ್ದು ಅರವತ್ತು. ಹದಿನೆಂಟು ದಿನಕ್ಕೆ ಎರಡರಂತೆ ಮೂವತ್ತಾರು ಹೋಗಬೇಕು, ಹೋಗಿವೆ. ಕಾರ್ಡಿನಲ್ಲಿ ‘ಉಳಿದವು’ ಎಂಬಲ್ಲಿ 24 ಎಂದು ಬರೆದ.

ತಟ್ಟೆ ತಂದಿಟ್ಟ ಮಾಳಮ್ಮನ ಕೈಯಲ್ಲಿ ಬಳೆ ಇರಲಿಲ್ಲ. ಭಾಗಪ್ಪ ತಟ್ಟೆಯನ್ನಷ್ಟೇ ನೋಡುತ್ತಿದ್ದ.

ಅವನ ಕೆಲಸವೇ ಅದು. ಬಿ.ಪಿ. ಇದ್ದವರು ಕೊಟ್ಟ ಗುಳಿಗೆ ತಿನ್ನುತ್ತಾರೋ ಇಲ್ಲವೋ ಎಂದು ಕಲಬುರಗಿಯ ಆಸ್ಪತ್ರೆಯೊಂದು ಎರಡು ವರ್ಷದಿಂದ ಲೆಕ್ಕ ಹಿಡಿಯುತ್ತಿತ್ತು. ಭಾಗಪ್ಪ ಹೇಳದೆ ಕೇಳದೆ ಕಮಲಾಪುರದ ಬಸ್ಸು ಹತ್ತಿ ಬಂದು, ಮನೆಮನೆಗೆ ನುಗ್ಗಿ ಎಣಿಸುತ್ತಿದ್ದ. ಓಣಿಯವರು ಅವನಿಗೆ ಗುಳಿಗಿ ಪೊಲೀಸ ಎಂದು ಹೆಸರಿಟ್ಟಿದ್ದರು. ನಲವತ್ತಾರು ವಯಸ್ಸಾದರೂ ನೌಕರಿ ಕಾಯಂ ಆಗಿರಲಿಲ್ಲ.

ಶಿವರಾತ್ರಿಯ ಮುಂದಿನ ವಾರ ಇದೇ ಮನೆಯಲ್ಲಿ ಹನ್ನೊಂದು ಗುಳಿಗೆ ಹೆಚ್ಚಿಗೆ ಸಿಕ್ಕಿದ್ದವು. ಮಾಳಮ್ಮನ ಗಂಡ ಅಮೋಘಸಿದ್ದ ತಲೆ ಕೆರೆಯುತ್ತ ನಿಂತಿದ್ದ. ಭಾಗಪ್ಪ ಓಣಿಗೆಲ್ಲ ಕೇಳುವಂತೆ ಒದರಾಡಿದ್ದ.

"ಪುಠಾಣಿ ಅಂತ ತಿಳಿದೀರೇನು ಇವಕ್ಕ? ಏ ಮಾಳಮ್ಮಾ, ಇನ್ನ ಮ್ಯಾಲ ಗುಳಿಗಿ ಜಿಮ್ಮಾ ನಿಂದು. ಎಣಿಕಿ ಒಂದು ತಪ್ಪಿದ್ರೂ ಇವನ ಹೆಸರು ಹೊಡದು ಹಾಕ್ತೀನಿ. ಆಮ್ಯಾಲ ಸಾಯ್ತಾನೋ ಬದುಕ್ತಾನೋ ನನಗ ಗೊತ್ತಿಲ್ಲ!"

"ನಿಮ್ಮ ದನಿ ಕೇಳೇ ಬಿ.ಪಿ. ಏರ್ತದ ನೋಡ್ರಿ," ಎಂದು ಪಕ್ಕದ ಮನೆಯ ಇಮಾಮಬಿ ಗೋಡೆಯಾಚೆಯಿಂದ ಅಂದಿದ್ದಳು. ಅವಳೂ ಇದೇ ಗುಳಿಗೆಯವಳು.

ಅಂದಿನಿಂದ ಒಮ್ಮೆಯೂ ಎಣಿಕೆ ತಪ್ಪಿರಲಿಲ್ಲ. ಆದರೆ ಅಮೋಘಸಿದ್ದನ ಬಿ.ಪಿ. ಮಾತ್ರ ಇಳಿಯಲಿಲ್ಲ. ನಿನ್ನೆ ಆಸ್ಪತ್ರೆಯ ಡಾಕ್ಟರ್ ವಾಸುದೇವ ಭಾಗಪ್ಪನನ್ನು ಕೋಣೆಗೆ ಕರೆದಿದ್ದರು. "ಈ ಲೆಕ್ಕಕ್ಕ ರೊಕ್ಕ ಕೊಡೋ ಡೆಲ್ಲಿಯವರು ನಾಳೆ ಬರ್ತಾರ. ಒಂದೂ ಗುಳಿಗಿ ಬಿಡದ ಮನುಷ್ಯಾಗ ಬಿ.ಪಿ. ಯಾಕ ಇಳಿಯಂಗಿಲ್ಲ ಅಂತ ಅವರು ನೋಡಬೇಕಂತ. ಅಂವನ್ನ ಕರ್ಕೊಂಡು ಬಾ. ಎಣಿಕಿ ಇಷ್ಟು ಪಕ್ಕಾ ಇಟ್ಟಾಂವ ನೀನೇ. ನಿನ್ನ ಕಾಯಂ ಮಾಡ್ರಿ ಅಂತ ಅವರ ಮುಂದೇ ಹೇಳ್ತೀನಿ."

ಇವತ್ತು ಓಣಿಗೆ ಕಾಲಿಡುತ್ತಿದ್ದಂತೆ ಇಮಾಮಬಿ, "ಸಾಹೇಬ್ರ, ಅಲ್ಲಿ..." ಎಂದು ಏನೋ ಹೇಳಲು ಬಂದಳು. "ನಿಂದೂ ನೋಡ್ತೀನಿ, ತಡಿ," ಎಂದು ಅವನು ಮುಂದೆ ನಡೆದಿದ್ದ.

"ಎಣಿಕಿ ಸರಿ ಅದ," ಎಂದು ಭಾಗಪ್ಪ ಪೆನ್ನಿನ ಮುಚ್ಚಳ ಹಾಕಿದ. "ಅಮೋಘಸಿದ್ದಗ ಲಗೂನ ಬಾ ಅನ್ನು. ಹನ್ನೆರಡರ ಬಸ್ಸಿಗಿ ಕಲಬುರ್ಗಿಗಿ ಹೋಗೂದದ. ಒಗದದ್ದೊಂದು ಅಂಗಿ ಹಾಕ್ಕೊಳ್ಳಿ."

"ಇಲ್ರಿ."

"ಇಲ್ಲಂದ್ರ? ತೋಟಕ್ಕ ಹೋಗ್ಯಾನೇನು?"

"ತೋಟದಾಗೇ ಬಿದ್ದನ್ರಿ. ಲಕ್ವಾ ಹೊಡೀತು. ಇವತ್ತಿಗಿ ಒಂಬತ್ತು ದಿನ ಆತು, ಮಣ್ಣು ಮಾಡಿ."

ಭಾಗಪ್ಪ ಕಾರ್ಡನ್ನು ನೋಡಿದ. ನಂತರ ಅವಳ ಕೈ, ಬರಿ ಹಣೆ ನೋಡಿದ.

"ಹಂಗಿದ್ರ ನಲವತ್ತೆರಡು ಉಳೀಬೇಕಲ್ಲ," ಅಂದ. ಅವನ ಬಾಯಿಂದ ಮೊದಲು ಬಂದದ್ದು ಅದೇ.

"ದಿನಾ ಎರಡು ತೆಗೀತೀನ್ರಿ."

"ಸತ್ತ ಮ್ಯಾಲೂ?"

"ಇದ್ದಾಗೂ ತಿಂತಿದ್ದಿಲ್ರಿ. ತಿಂದ್ರ ಕಣ್ಣಿಗಿ ಕತ್ತಲಿ ಬರ್ತದ, ಬಾಳಿಗೊನಿ ಹೊರಲಾಕ ಆಗಂಗಿಲ್ಲ ಅಂತಿದ್ದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ನಿಮಗ ಹೇಳಿದ್ರ ಹೆಸರು ಹೊಡೀತಿದ್ರಿ. ಎಣಿಕಿ ತಪ್ಪಬಾರದು ಅಂದ್ರಿ. ತಪ್ಪಿಲ್ರಿ."

ಭಾಗಪ್ಪ ಬೈಯಲು ಬಾಯಿ ತೆರೆದ. ಸಿಟ್ಟು ಬರಲಿಲ್ಲ.

"ತೆಗೆದವು ಎಲ್ಲಿ ಅದಾವ?"

ಅವಳು ಒಲೆಯ ಹಿಂದಿನಿಂದ ಸಣ್ಣ ಗಡಿಗೆಯೊಂದನ್ನು ತಂದಿಟ್ಟಳು. "ಸರ್ಕಾರದ ಮಾಲು. ಹ್ಯಾಂಗ ಚೆಲ್ಲೂದ್ರಿ?"

24 ಹೊಡೆದು 42 ಎಂದು ತಿದ್ದಿ, ಪಕ್ಕದಲ್ಲಿ ‘ಮರಣ’ ಎಂದು ಬರೆದರೆ ಮುಗಿಯುತ್ತಿತ್ತು. ಗಡಿಗೆಯನ್ನು ಹಿತ್ತಲಲ್ಲಿ ಸುರಿದರೆ ಯಾರೂ ಕೇಳುತ್ತಿರಲಿಲ್ಲ. ಆರು ತಿಂಗಳ ಎಣಿಕೆ ಪಕ್ಕಾ ಉಳಿಯುತ್ತಿತ್ತು. ನೌಕರಿಯೂ.

ಭಾಗಪ್ಪ ಗಡಿಗೆಯನ್ನು ನೆಲದ ಮೇಲೆ ಬಗ್ಗಿಸಿದ. ಬೆರಳು ತಾನಾಗಿಯೇ ಐದೈದು ಸರಿಸತೊಡಗಿತು. ಮೇಲಿನವು ಬೆಳ್ಳಗಿದ್ದವು. ತಳದವು ಮಳೆಗಾಲದ ತೇವಕ್ಕೆ ಹಳದಿಯಾಗಿ ಒಂದಕ್ಕೊಂದು ಅಂಟಿದ್ದವು. ಉಗುರಿನಿಂದ ಬಿಡಿಸಿ ಎಣಿಸಿದ. ಮಾಳಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು. ಮುನ್ನೂರು ದಾಟುವ ಹೊತ್ತಿಗೆ ಬಸ್ಸು ಸ್ಟ್ಯಾಂಡಿನಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋಯಿತು.

ಮುನ್ನೂರ ಅರವತ್ತೆರಡು. ನೂರ ಎಂಬತ್ತೊಂದು ದಿನ. ಅವನು ಒದರಾಡಿ ಹೋದ ದಿನದಿಂದ ಒಂದು ಹೊತ್ತೂ ತಪ್ಪಿರಲಿಲ್ಲ.

"ಸರಿ ಅದಾವೇನ್ರಿ?" ಮಾಳಮ್ಮ ಕೇಳಿದಳು.

ಭಾಗಪ್ಪ ಪೆನ್ನು ತೆಗೆದು 24ರ ಮೇಲೆ ಗೆರೆ ಎಳೆದ. ತಟ್ಟೆಯವನ್ನೂ ಕೂಡಿಸಿ 386 ಎಂದು ಬರೆದ. ಅಂಕಿ ಒಡೆದು ಕಾಣುವಂತೆ ಇನ್ನೊಮ್ಮೆ ತೀಡಿದ.

ಅವಳು ನೆಲದ ಮೇಲಿನ ಗುಳಿಗೆಗಳನ್ನೆಲ್ಲ ಬಳಿದು ಗಡಿಗೆಗೆ ತುಂಬಿದಳು. ಆಮೇಲೆ ತಟ್ಟೆಯ ಇಪ್ಪತ್ನಾಲ್ಕರಲ್ಲಿ ಎರಡು ಆರಿಸಿ ಅವುಗಳ ಮೇಲೆ ಹಾಕಿದಳು.

"ಇವತ್ತಿನವು," ಅಂದಳು.