ನೀರು ಕುಡಿದ ಬಟ್ಟೆ

ತಕ್ಕಡಿಯ ತಟ್ಟೆಯ ಮೇಲೆ ಮಡಚಿದ ಹತ್ತಿ ಬಟ್ಟೆ ಹಾಸಿ, ಗುಂಡಿ ಒತ್ತಿ ಸೊನ್ನೆ ಬರಿಸುವುದು ಮೀನಿನವಳ ಬೆಳಗಿನ ಮೊದಲ ಕೆಲಸ. ಮೀನು ಜಾರಬಾರದೆಂದು ಆ ಸಾಲಿನಲ್ಲಿ ಎಲ್ಲರೂ ಹಾಗೆಯೇ ಹಾಸುತ್ತಿದ್ದರು. ಅವಳಿಗೆ ಕಲಿಸಿದ್ದು ಅತ್ತೆ. ಅತ್ತೆ ಹೋದರು, ಗಂಡನೂ ಹೋದ. ಬಟ್ಟೆಯ ಅಭ್ಯಾಸ ಉಳಿಯಿತು.

ದಿನವಿಡೀ ಅವಳೊಡನೆ ಎಷ್ಟೋ ಜನ ಮಾತಾಡುತ್ತಿದ್ದರು; ಎಲ್ಲವೂ ಮೀನಿನ ಮಾತು. “ಊಟ ಆಯ್ತಾ ತಂಗೀ?” ಎಂದು ಕೇಳುತ್ತಿದ್ದವರು ಒಬ್ಬರೇ. ಒಂಟಿಯಾಗಿ ಬದುಕುತ್ತಿದ್ದ ಗಡಿಯಾರ ರಿಪೇರಿಯ ಮುದುಕರು. ಮಧ್ಯಾಹ್ನ ಗದ್ದಲ ಇಳಿದ ಮೇಲೆ ಸ್ಟೀಲ್ ಡಬ್ಬಿ ಹಿಡಿದು ಬಂದು ಇನ್ನೂರು ಗ್ರಾಂ ಸಣ್ಣ ಮೀನು ಒಯ್ಯುತ್ತಿದ್ದರು.

ಅಂದು ಅವರು ಡಬ್ಬಿಯ ಜೊತೆ ಅಡುಗೆಮನೆಯ ಪುಟ್ಟ ತಕ್ಕಡಿಯನ್ನೂ ತಂದಿದ್ದರು.

“ನೀನು ತೂಕದ ಕಸುಬಿನವಳು. ನಂಗೊಂದು ಒಳ್ಳೆ ಡಿಜಿಟಲ್ ತಕ್ಕಡಿ ಆರಿಸಿಕೊಡ್ತೀಯಾ? ಇದು ಕೆಟ್ಟಿದೆ. ನೀನು ಕೊಟ್ಟ ಇನ್ನೂರನ್ನ ಹಾಗೇ ಇಟ್ರೂ ನೂರ ಎಪ್ಪತ್ತು ಅನ್ನುತ್ತೆ.”

“ಯಾವಾಗಿನಿಂದ ಅಣ್ಣಾ?”

“ಡಾಕ್ಟ್ರು ಅಳೆದು ತಿನ್ನಿ ಅಂದಾಗಿನಿಂದ. ನಂಗೇ ಅರಳುಮರಳು ಅಂದ್ಕೊಂಡು ನಾಲ್ಕು ನಾಲ್ಕು ಸಲ ತೂಗ್ತೀನಿ. ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸ್ತಿದ್ದ ಕೈ ಇದು. ಈಗ ಒಂದು ಅಂಕಿ ಓದೋಕೂ ಧೈರ್ಯ ಇಲ್ಲ.”

ನಾಳೆ ಹೋಗೋಣವೆಂದು ಅವರನ್ನು ಕಳಿಸಿ ಅವಳು ತನ್ನ ತಕ್ಕಡಿ ನೋಡಿದಳು. ಮೀನು ಎತ್ತಿದ ಮೇಲೂ ಅಂಕಿ ಸೊನ್ನೆಗೆ ಇಳಿಯದೆ ಮೂವತ್ತರಲ್ಲಿ ನಿಂತಿತ್ತು. ಬೆಳಿಗ್ಗೆ ಒಣಗಿದ್ದ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಭಾರವಾಗಿತ್ತು. ಅಂಕಿ ಕಾಣುವುದು ಅವಳೊಬ್ಬಳಿಗೇ. ಇದು ತಿಳಿದಿರಲಿಲ್ಲ ಎನ್ನಲಾಗದು, ತಿಳಿದುಕೊಳ್ಳಲು ಹೋಗಿರಲಿಲ್ಲ.

“ಏನಕ್ಕಾ, ದೆವ್ವ ಕಂಡವಳ ಹಾಗೆ ಕೂತಿದ್ದೀಯ?” ಎಂದಳು ಪಕ್ಕದ ಸೀಗಡಿಯವಳು.

“ಬಟ್ಟೆ ಮೂವತ್ತು ಗ್ರಾಂ ನೀರು ಕುಡಿದಿದೆ ಕಣೇ.”

“ಕುಡೀಲಿ ಬಿಡು, ಬಾಯಾರಿಕೆ ಆಗಿರುತ್ತೆ! ಜಾರದ ಹಾಗೆ ಹಾಸಿದ್ದು, ಯಾರ ಜೇಬಿಗೆ ಕೈ ಹಾಕಿದ್ದೀವಿ? ಕೊಳೆತು ಬಿಸಾಕಿದ ಮೀನಿನ ನಷ್ಟ ಯಾರು ತುಂಬಿಕೊಡ್ತಾರೆ ನಂಗೆ? ಮುದುಕಪ್ಪಂಗೆ ದಾರೀಲಿ ಮೀನು ಒಣಗುತ್ತೆ ಅನ್ನು, ಮುಗೀತು.”

ಅಷ್ಟು ಸುಲಭವಿತ್ತು. ಸಂಜೆ ಕೋಣೆಯಲ್ಲಿ ಒಂದೇ ತಟ್ಟೆ ತೊಳೆದಿಡುತ್ತ ಅವಳು ಯೋಚಿಸಿದಳು. ನಿಜ ಹೇಳಿದರೆ ಊಟ ಆಯಿತೇ ಎಂದು ಕೇಳುವವರು ಇನ್ನು ಯಾರೂ ಇರುವುದಿಲ್ಲ.

ಮರುದಿನ ತಕ್ಕಡಿ ಅಂಗಡಿಯವನು ಅವರಿಬ್ಬರ ಮುಂದೆ ಮೂರು ತಕ್ಕಡಿ ಸಾಲಾಗಿ ಇಟ್ಟ. ಗಾಜಿನದು, ಸ್ಟೀಲಿನದು, ಎರಡೂ ಕಡೆ ಅಂಕಿ ಕಾಣುವ ವ್ಯಾಪಾರದವರದು. ಮುದುಕರು ತಂದಿದ್ದ ಹಳೆಯದರ ಮೇಲೆ ಇನ್ನೂರು ಗ್ರಾಮಿನ ತೂಕದ ಬಟ್ಟು ಇಟ್ಟು ನೋಡಿದ.

“ಇದು ಸರಿಯಾಗೇ ಇದೆಯಲ್ಲ ಯಜಮಾನ್ರೇ. ಇನ್ನೂರಕ್ಕೆ ಇನ್ನೂರು.”

ಮುದುಕರು ಬಗ್ಗಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. “ಹಾಗಾದ್ರೆ ಕೆಟ್ಟಿರೋದು ನಾನೇ,” ಎಂದರು ಮೆಲ್ಲಗೆ.

ಅವಳಿಗೆ ತಡೆಯಲಾಗಲಿಲ್ಲ. “ನೀವಲ್ಲ ಅಣ್ಣಾ. ನನ್ನ ಬಟ್ಟೆ ನೀರು ಕುಡಿಯುತ್ತೆ. ಆ ನೀರಿನ ತೂಕವನ್ನೂ ಮೀನಿನ ಲೆಕ್ಕಕ್ಕೇ ಸೇರಿಸ್ತಿದ್ದೆ.”

ಅವರು ಬೈಯಲಿಲ್ಲ. ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು, ಅವಳ ಕಡೆ ನೋಡದೆ ಹೊರಟುಹೋದರು. ಅವಳು ಎರಡೂ ಕಡೆ ಅಂಕಿ ಕಾಣುವ ತಕ್ಕಡಿಯನ್ನು ತನಗಾಗಿ ಆರಿಸಿಕೊಂಡಳು.

ಬಟ್ಟೆ ಹೋಗಿ ಅಂಚಿರುವ ಟ್ರೇ ಬಂತು. ಮೊದಲ ದಿನವೇ ಒಂದು ಮೀನು ಕೈಜಾರಿ ನೆಲಕ್ಕೆ ಬಿತ್ತು. “ನಿನ್ನ ಮೀನಿಗೆ ಮತ್ತೆ ಈಜು ಬಂತು ನೋಡಕ್ಕಾ!” ಎಂದು ಸೀಗಡಿಯವಳು ನಕ್ಕಳು. ನಾಲ್ಕು ಮಧ್ಯಾಹ್ನ ಅವಳು ಸಣ್ಣ ಮೀನು ತೆಗೆದಿರಿಸಿ ಕಾದಳು. ಅವರು ಬರಲಿಲ್ಲ.

ಐದನೆಯ ದಿನ ಸ್ಟೀಲ್ ಡಬ್ಬಿ ಕಂಡಿತು. ಅವಳು ಖಾಲಿ ಟ್ರೇ ಇಟ್ಟು ಗುಂಡಿ ಒತ್ತಿದಳು.

“ಸೊನ್ನೆ ಕಾಣ್ತಿದೆಯಾ ಅಣ್ಣಾ?”

“ಕಾಣ್ತಿದೆ.”

ಮೀನು ಹಾಕಿ ಕೈ ಹಿಂದೆಗೆದಳು. “ನೀವೇ ಓದಿ.”

ಅವರು ಬಗ್ಗಿದರು. “ಇನ್ನೂರು,” ಎಂದರು. ಮತ್ತೆ, ಸ್ವಲ್ಪ ಗಟ್ಟಿಯಾಗಿ, “ಇನ್ನೂರು. ಮನೇಲೂ ಇಟ್ಟು ನೋಡ್ತೀನಿ.”

“ನೋಡಿ. ನಾಳೆ ಬಂದು ಎಷ್ಟು ಬಂತು ಅಂತ ಹೇಳಿ.”

“ಹೇಳ್ತೀನಿ.”

ಊಟದ ಮಾತು ಅಂದು ಬರಲಿಲ್ಲ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಅವಳು ಟ್ರೇ ಒರೆಸಿ ಒಣಗಿಸಿ, ಮತ್ತೆ ಸೊನ್ನೆ ಒತ್ತಿದಳು.